ನಂಗ್ಯಾಕಪ್ಪ ಯಜಮಾನ್ಕೆ

ನಮ್ಮ ಬೀದಿಯ ಜನಕ್ಕೆ ಒಂದು ರೋಗವಿತ್ತು. ಬೇಕಾದದ್ದನ್ನು ಬೇಕು ಅಂತ ಬಾಯಿಬಿಟ್ಟು ಹೇಳಬಾರದು. ಹಸಿದು ಕರುಳು ಕೂಗುತ್ತಿದ್ದರೂ, ಮುದ್ದೆ ಬಡಿಸಲು ಬಂದರೆ ಕೈ ಅಡ್ಡ ಹಿಡಿದು "ಸಾಕು ಸಾಕು, ಈಗ್ತಾನೆ ಉಂಡ್ಕಂಡ್ ಬಂದೆ" ಅನ್ನಬೇಕು. ಬಡಿಸುವವಳು ಆ ಕೈಯನ್ನು ತಳ್ಳಿ ಮುದ್ದೆ ಹಾಕಬೇಕು. ಹಾಕಿದ ಮೇಲೆ "ಅಯ್ಯೋ, ಎಷ್ಟ್ ಹೇಳಿದ್ರೂ ಕೇಳಲ್ವಲ್ಲ" ಎಂದು ಗೊಣಗಿಕೊಂಡೇ ತಟ್ಟೆ ಖಾಲಿ ಮಾಡಬೇಕು. ಅದು ಮರ್ಯಾದೆ. ಕೇಳಿದ ಕೂಡಲೇ ಹ್ಞೂ ಅಂದವನು ಆಸೆಬುರುಕ, ಮನೆಯಲ್ಲಿ ಗತಿಯಿಲ್ಲದವನು.

ಈ ರೋಗವನ್ನು ಮೈಗಂಟಿಸಿಕೊಂಡೇ ನಾನು ಟೀಚರ್ ಟ್ರೈನಿಂಗಿಗೆ ಅಂತ ತುಮಕೂರಿಗೆ ಹೋದೆ. ಶಿರಾ ಗೇಟಿನ ಹತ್ತಿರ ಜೊತೆಯಲ್ಲಿ ಓದುವವಳೊಬ್ಬಳ ಮನೆಯಿತ್ತು. ಒಂದು ಭಾನುವಾರ ಕರೆದಳು, ಹೋದೆ. ಅವಳ ತಾಯಿ ಬಿಸಿ ಬಿಸಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು "ತಿಂತೀಯೇನಮ್ಮ?" ಅಂದರು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಇರಲಿಲ್ಲ. "ಬೇಡ ಅಮ್ಮ" ಅಂದೆ. "ಸರಿ ಹಾಗಾದ್ರೆ" ಎಂದು ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗಿಬಿಟ್ಟರು! ಅವರ ತಪ್ಪೇನಿತ್ತು? ಬೇಡ ಅಂದವಳು ನಾನು. ಅಡುಗೆಮನೆಯ ಬಾಗಿಲನ್ನೇ ನೋಡುತ್ತಾ ಕೂತೆ, ಒಗ್ಗರಣೆಯ ವಾಸನೆಯನ್ನಷ್ಟೇ ಹೀರುತ್ತಾ. ಬೇಡ ಅಂದರೆ ಬೇಡ ಅಂತಲೇ ತಿಳಿಯುವ ಜನ ಲೋಕದಲ್ಲಿ ಇದ್ದಾರೆ ಅನ್ನುವುದು ನನಗೆ ಆ ದಿನ ಗೊತ್ತಾಯಿತು. ನಮ್ಮ ಬೀದಿಯವರಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಹೇಳಿಯೂ ಹೇಳಿದೆ. ನಕ್ಕರು.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ, ಕಡಬದಿಂದ ಆಚೆ. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಯಾರ ಮೊಮ್ಮಗನಾದರೂ ನಮ್ಮ ಮನೆ ಬಾಗಿಲಿಗೆ ಬಂದು "ನಮ್ ತಾತನ್ನ ಯಾಕ್ ಬರ್ದೆ?" ಅಂತ ಜಗಳ ತೆಗೆಯುತ್ತಾನೆ. ಕಡಬದ ಕೆರೆಯಷ್ಟು ದೊಡ್ಡದಲ್ಲದಿದ್ದರೂ ನಮ್ಮೂರಿಗೂ ಒಂದು ಕೆರೆಯಿತ್ತು. ಏರಿಯ ಕೆಳಗೆ ಗದ್ದೆ, ಗದ್ದೆ ದಾಟಿದರೆ ತೆಂಗಿನ ತೋಟಗಳು. ತೋಟ, ಗದ್ದೆ ಎರಡೂ ನಮ್ಮವಲ್ಲ. ನಾವು ಬೆಸ್ತರು. ಕೆರೆಯ ನೀರು ಗದ್ದೆಯವರದು, ಏರಿ ಸರ್ಕಾರದ್ದು, ಮೀನು ನಮ್ಮದು. ಹಾಗಂತ ಯಾರೂ ಯಾವತ್ತೂ ಬರೆದುಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಳುವುದು ನಮ್ಮ ಜಾಯಮಾನವೇ ಅಲ್ಲವಲ್ಲ.

ಬರೆದುಕೊಟ್ಟಿಲ್ಲ ಅಂದ ಮಾತ್ರಕ್ಕೆ ಕಟ್ಟುಪಾಡು ಇರಲಿಲ್ಲ ಅಂತಲ್ಲ. ಇದ್ದದ್ದೆಲ್ಲ ಕಟ್ಟುಪಾಡೇ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆಗೆ ಬಂದು ಸೇರುವ ಹಳ್ಳದಲ್ಲಿ ಕೆಂಪು ನೀರು ಬರುತ್ತದೆ. ಆ ಹೊಸ ನೀರಿನ ರುಚಿ ಹಿಡಿದು ಕೆರೆಯ ಮೀನು, ಗೆಂಡೆ, ಕೊರವ, ಬಾಳೆ ಮೀನು, ಎಲ್ಲ ಹೊಟ್ಟೆ ತುಂಬ ಮೊಟ್ಟೆ ಹೊತ್ತು ನೀರಿಗೆದುರಾಗಿ ಹಳ್ಳ ಹತ್ತುತ್ತವೆ. ಹಳ್ಳದ ಬಾಯಲ್ಲಿ ಆಗ ಕುಕ್ಕೆ ಅದ್ದಿದರೂ ಸಾಕು, ಮೀನು ತುಂಬುತ್ತದೆ. ಅದಕ್ಕೇ ಆಗ ಅದ್ದಬಾರದು. ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬೀದಿಯ ಯಜಮಾನ ಹಳ್ಳದ ಬಾಯಿಗೆ ತೆಂಗಿನ ನಾರಿನ ಹಗ್ಗ ಕಟ್ಟುತ್ತಿದ್ದ, ಈ ದಡದ ಹೊಂಗೆ ಮರದಿಂದ ಆ ದಡದ ಹೊಂಗೆ ಮರಕ್ಕೆ. ಹಗ್ಗಕ್ಕೆ ಬೇವಿನ ಸೊಪ್ಪು ಸಿಕ್ಕಿಸಿರುತ್ತಿದ್ದರು. ಅವನೇ ಬಂದು ಅದನ್ನು ಬಿಚ್ಚುವ ತನಕ ಕೆರೆಗೆ ಬಲೆ ಇಳಿಯುವಂತಿರಲಿಲ್ಲ. ಅಷ್ಟು ದಿನ ಗಂಡಸರು ತೋಟಗಳಲ್ಲಿ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದರು, ಹೆಂಗಸರು ಬಲೆ ತೇಪೆ ಹಾಕುತ್ತಿದ್ದರು, ಎಲ್ಲರ ಮನೆಯಲ್ಲೂ ಮೀನಿಲ್ಲದ ಬರಿ ಉಪ್ಸಾರು.

ಹಗ್ಗ ಅಂದರೆ ಏನು, ಒಂದು ಕತ್ತಿ ಏಟಿಗೆ ತುಂಡಾಗುವಂಥದ್ದು. ಕಾವಲಿಲ್ಲ, ದಂಡವಿಲ್ಲ. ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಹಗ್ಗ ಬಿಚ್ಚಿದ ದಿನ ಎಲ್ಲರೂ ಸೇರಿ ಬಲೆ ಎಳೆಯಬೇಕು. ಆ ದಿನದ ಮೀನನ್ನು ಅರಳಿಕಟ್ಟೆಯ ಮುಂದೆ ಮನೆಗೊಂದು ಗುಡ್ಡೆ ಹಾಕುತ್ತಿದ್ದರು. ಒಬ್ಬ ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲುವನು. ಇನ್ನೊಬ್ಬ ಒಂದೊಂದೇ ಗುಡ್ಡೆ ಮುಟ್ಟಿ "ಇದ್ಯಾರ್ದು?" ಅನ್ನುವನು. ನೋಡದೆ ನಿಂತವನು ಬಾಯಿಗೆ ಬಂದ ಮನೆಯ ಹೆಸರು ಹೇಳುವನು. ದೊಡ್ಡ ಗುಡ್ಡೆ ಯಾರಿಗೆ ಹೋದರೂ ಜಗಳವಿಲ್ಲ. ಗಂಡ ಸತ್ತವಳ ಮನೆಗೂ ಗುಡ್ಡೆಯುಂಟು, ಕಾಯಿಲೆ ಬಿದ್ದವನ ಮನೆಗೂ ಉಂಟು. ಯಜಮಾನನಿಗೆ ಹೆಚ್ಚಿಗೆ ಸಿಗುತ್ತಿದ್ದುದು ಒಂದು ಬಾಳೆ ಮೀನು ಮತ್ತು ವರ್ಷವಿಡೀ ಬೀದಿಯವರ ಬೈಗುಳ.

ಆ ಯಜಮಾನ ನಮ್ಮಪ್ಪ.

ಅವನು ಯಜಮಾನನಾದದ್ದೂ ಆ ರೋಗದ ಪ್ರಕಾರವೇ. ಹಳೆಯ ಯಜಮಾನ ತೀರಿಕೊಂಡ ಮೇಲೆ ಹಿರಿಯರು ವೀಳ್ಯದ ತಟ್ಟೆ ತಂದು ಅಪ್ಪನ ಮುಂದಿಟ್ಟರಂತೆ. ಅಪ್ಪ "ನಂಗ್ಯಾಕಪ್ಪ ಯಜಮಾನ್ಕೆ" ಎಂದು ತಟ್ಟೆ ತಳ್ಳಿ ಎದ್ದು ಹೋದನಂತೆ. ಮಾರನೆಯ ದಿನ ಮತ್ತೆ ಬಂದರು, ಮತ್ತೆ ತಳ್ಳಿದ. ಕೆರೆಯಲ್ಲಿ ಬಲೆ ಬಿಡುತ್ತಿದ್ದಾಗ ದಡಕ್ಕೆ ಬಂದು ಕೂಗಿದರು, ಹರಿಗೋಲು ತಿರುಗಿಸಿಕೊಂಡು ಆಚೆ ದಡಕ್ಕೆ ಹೋದ. ಕೊನೆಗೆ ಬೇಸತ್ತ ಹಿರಿಯನೊಬ್ಬ, ಅಪ್ಪ ನಮ್ಮ ಜಗುಲಿಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಾಗ, ವೀಳ್ಯವನ್ನು ಅವನ ಟವೆಲಿನ ತುದಿಗೆ ಗಂಟು ಕಟ್ಟಿ ಹೋದನಂತೆ. ಎದ್ದು ನೋಡಿದರೆ ಅಪ್ಪ ಯಜಮಾನ! ತಳ್ಳಿದಷ್ಟೂ ಮಾನ. ಅಷ್ಟೊಂದು ತಳ್ಳಿದವನು ಕಟ್ಟಿದ ಹಗ್ಗವನ್ನು ಯಾರು ತಾನೇ ದಾಟಿಯಾರು?

ಅವ್ವನಿಗೆ ಮಾತ್ರ ಇದು ಆಗುತ್ತಿರಲಿಲ್ಲ. ಅವಳು ಕುಣಿಗಲ್ ಕಡೆಯವಳು. ಅಲ್ಲಿ ದೊಡ್ಡ ಕೆರೆ, ದೊಡ್ಡ ಬಾಯಿ. "ನಮ್ ಕುಣಿಗಲ್ ಕಡೆ ಒಂದ್ಸಲ ಬ್ಯಾಡ ಅಂದ್ರೆ ಎಲೆ ಎತ್ಬುಡ್ತಾರೆ" ಅನ್ನುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೇಳಿದ್ದಕ್ಕೆಲ್ಲ ಹ್ಞೂ ಹ್ಞೂ ಅಂದು ಹೊಟ್ಟೆ ತುಂಬ ಉಂಡಳಂತೆ. ಬೀದಿಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ.

ನಯಾಪೈಸೆ ಬಂದು ಆಣೆ ಕಾಸು ಮೂಲೆಗೆ ಸೇರುತ್ತಿದ್ದ ಕಾಲವದು. ಸರ್ಕಾರ ಎಲ್ಲದಕ್ಕೂ ಸಂಘ ಮಾಡಿಸುತ್ತಿತ್ತು, ಹಾಲಿಗೆ ಸಂಘ, ನೇಕಾರರಿಗೆ ಸಂಘ. ಒಂದು ದಿನ ಮೀನುಗಾರಿಕೆಯ ಇನ್‌ಸ್ಪೆಕ್ಟರೊಬ್ಬರು ಸೈಕಲ್ಲಿನಲ್ಲಿ ನಮ್ಮ ಬೀದಿಗೆ ಬಂದರು. ಇನ್ನು ಮೇಲೆ ಕೆರೆಯ ಮೀನನ್ನು ಹರಾಜು ಹಾಕುತ್ತಾರೆ, ಆದರೆ ಬೆಸ್ತರು ಸಹಕಾರ ಸಂಘ ಮಾಡಿಕೊಂಡರೆ ಹರಾಜಿಲ್ಲದೆ ಸಂಘಕ್ಕೇ ಕೊಡುತ್ತಾರೆ, ಸಂಘದ ಅಧ್ಯಕ್ಷ ಹೇಳಿದಂತೆ ಕೆರೆ ನಡೆಯುತ್ತದೆ, ಅಂದರು. ಒಳ್ಳೆಯ ಮಾತೇ. ನಮ್ಮವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅಧ್ಯಕ್ಷ ಅಂದರೆ ಯಜಮಾನ, ಸಂಘ ಅಂದರೆ ಬೀದಿ, ಅಷ್ಟೇ ಅಲ್ಲವೇ ಅಂದುಕೊಂಡರು.

ಸಭೆ ಊರಿನ ಸ್ಕೂಲಿನಲ್ಲಿ. ನಾನು ರಜಕ್ಕೆ ಬಂದಿದ್ದೆ. ಹೆಂಗಸರು ಒಳಗೆ ಕೂರುವಂತಿರಲಿಲ್ಲವಾದ್ದರಿಂದ ಅವ್ವ, ನಾನು, ಇನ್ನು ಕೆಲವರು ಕಿಟಕಿಯ ಹೊರಗೆ ನಿಂತೆವು. ಒಳಗೆ ಬೀದಿಯ ಗಂಡಸರೆಲ್ಲ ನೆಲದ ಮೇಲೆ, ಇನ್‌ಸ್ಪೆಕ್ಟರು ಮೇಷ್ಟರ ಕುರ್ಚಿಯಲ್ಲಿ, ಅವರ ಪಕ್ಕದ ಕುರ್ಚಿಯಲ್ಲಿ ಗುಬ್ಬಿಯ ಕೊಬ್ಬರಿ ಮಂಡಿ ಸಾಹುಕಾರರು. ಅವರು ಯಾಕೆ ಬಂದಿದ್ದರು ಅಂದರೆ, ನಮ್ಮೂರಲ್ಲಿ ಅವರದೊಂದು ತೋಟವಿತ್ತು, ಆ ದಿನ ಕಾಯಿ ಕೀಳಿಸಲು ಬಂದಿದ್ದರು, ಸ್ಕೂಲಿನಲ್ಲಿ ಜನ ಕಂಡಿತು, ಒಳಗೆ ಬಂದರು. ಇನ್‌ಸ್ಪೆಕ್ಟರು ಅವರನ್ನೂ ಸಂಘದ ಹಿತೈಷಿ ಎಂದು ಸೇರಿಸಿಕೊಂಡರು. ಆಗ ಹಾಗೆ ಸೇರಿಸಿಕೊಳ್ಳಬಹುದಿತ್ತು. ಮೀನು ತಿನ್ನುವುದಿರಲಿ, ಬೀದಿಗೆ ಬಂದರೆ ಮೂಗಿಗೆ ಪಂಚೆ ಹಿಡಿಯುತ್ತಿದ್ದ ಮನುಷ್ಯ.

"ಅಧ್ಯಕ್ಷರು ಯಾರು ಆಗ್ತೀರಿ?" ಅಂದರು ಇನ್‌ಸ್ಪೆಕ್ಟರು.

ಎಲ್ಲರೂ ಅಪ್ಪನ ಕಡೆ ನೋಡಿದರು. ಚಿಕ್ಕಪ್ಪ, ಅಪ್ಪನ ತಮ್ಮ, "ನಮ್ ಅಣ್ಣ ಅವ್ರಲ್ಲ ಸ್ವಾಮಿ" ಅಂದ.

"ನೀವು ಆಗ್ತೀರೇನ್ರಿ?" ಎಂದು ಇನ್‌ಸ್ಪೆಕ್ಟರು ಅಪ್ಪನನ್ನು ಕೇಳಿದರು.

ಅಪ್ಪ ಕತ್ತು ಬಗ್ಗಿಸಿ, ಟವೆಲು ಹೆಗಲಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡು, ಎಷ್ಟು ಚೆನ್ನಾಗಿ ಅಂದ ಗೊತ್ತೇ, "ನಂಗ್ಯಾಕೆ ಬುದ್ಧಿ ಯಜಮಾನ್ಕೆ. ಬೇರೆ ಯಾರ್ನಾರ ನೋಡಿ."

ಕಿಟಕಿಯ ಹೊರಗೆ ಅವ್ವ ಹಣೆ ಚಚ್ಚಿಕೊಂಡಳು. ಒಳಗಿನವರು ತಲೆದೂಗಿದರು. ಎಂಥ ಮರ್ಯಾದಸ್ಥ!

ಆ ದಿನ ಬಸ್ಸಿನಲ್ಲಿ ಬಂದಿದ್ದ ಇನ್‌ಸ್ಪೆಕ್ಟರಿಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತೋ ಏನೋ. "ಮತ್ತೆ ಬೇರೆ ಯಾರು?" ಅಂದರು. ಬೇರೆ ಯಾರು ಬಾಯಿ ಬಿಡುತ್ತಾರೆ? ಅಪ್ಪನಿರುವಾಗ ತಾನಾಗುತ್ತೇನೆ ಅನ್ನುವ ಗಂಡಸು ನಮ್ಮ ಬೀದಿಯಲ್ಲಿ ಹುಟ್ಟಿರಲಿಲ್ಲ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. "ನಂಗ್ಯಾಕೆ ಸ್ವಾಮಿ." "ನಮ್ಗೆಲ್ ಬತ್ತದೆ ಬುದ್ಧಿ." ಇನ್‌ಸ್ಪೆಕ್ಟರು ಪಕ್ಕಕ್ಕೆ ತಿರುಗಿ, ನಗುತ್ತಲೇ, "ಏನ್ ಸಾಹುಕಾರ್ರೆ, ಇವರ್ಯಾರಿಗೂ ಬೇಡವಂತೆ. ನೀವಾದ್ರೂ ಆಗ್ತೀರಾ?" ಅಂದರು.

"ಆಗ್ಲಿ, ಅದಕ್ಕೇನಂತೆ" ಅಂದರು ಸಾಹುಕಾರರು.

ಬರೆದುಕೊಂಡದ್ದೂ ಆಯಿತು, ಚಪ್ಪಾಳೆ ತಟ್ಟಿದ್ದೂ ಆಯಿತು, ಬಸ್ಸು ಬಂದದ್ದೂ ಆಯಿತು. ನಮ್ಮವರಿಗೆ ಅರ್ಥವಾಗುವ ಹೊತ್ತಿಗೆ ಇನ್‌ಸ್ಪೆಕ್ಟರು ಗುಬ್ಬಿ ದಾಟಿರಬೇಕು. ದಾರಿಯುದ್ದಕ್ಕೂ ಒಬ್ಬರ ಮೇಲೊಬ್ಬರು ಹೊರಿಸಿಕೊಂಡೇ ಬಂದರು. "ಇನ್ನೊಂದ್ಸಲ ಕೇಳ್ತಾರೆ ಅಂತ ಸುಮ್ಕಿದ್ದೆ ಕಣಪ್ಪ" ಅಂದ ಅಪ್ಪ. "ನೀನು ಕೈ ಹಿಡ್ಕಂಡ್ ಒತ್ತಾಯ ಮಾಡ್ಬಾರ್ದಾಗಿತ್ತೇನ್ಲಾ?" ಎಂದು ಚಿಕ್ಕಪ್ಪನಿಗೆ ಒಬ್ಬ ಬೈದ. "ಸಾಹೇಬ್ರ ಮುಂದೆ ಎಂಗ್ ಕೈ ಹಿಡೀಲಿ?" ಅಂದ ಚಿಕ್ಕಪ್ಪ. ನಾನು ಅಲ್ಲೇ ಕಿರುಚಿದೆ. ಕೆರೆ ಹೋಯಿತಲ್ಲ, ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ ಅಂತ. "ಓದಿದ್ ಹುಡ್ಗೀರ್ಗೆ ಬಾಯಿ ಜಾಸ್ತಿ" ಅಂದರು.

ಸಾಹುಕಾರರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ನಿರಾಳವಾಗುತ್ತಿತ್ತು. ಬೈಯುವುದಕ್ಕೆ ಒಬ್ಬ ಸಿಗುತ್ತಿದ್ದ. ಅವರು ಕೆಟ್ಟವರಲ್ಲ. ಅವರಿಗೆ ಲಾರಿಯಿತ್ತು, ಲಾರಿ ವಾರಕ್ಕೊಮ್ಮೆ ಕೊಬ್ಬರಿ ಹೊತ್ತು ತುಮಕೂರಿಗೆ ಹೋಗುತ್ತಿತ್ತು, ಅದರ ಮೇಲೆ ನಾಲ್ಕು ಬುಟ್ಟಿ ಮೀನು ಹೇರಿದರೆ ಎಲ್ಲರಿಗೂ ಒಳ್ಳೆಯದೇ ಅಂತ ನಿಜವಾಗಿಯೂ ನಂಬಿದ್ದರು. ಮೊದಲ ಮಳೆ ಬಂತು. ಹಳ್ಳದಲ್ಲಿ ಮೀನು ಏಳುತ್ತಿದೆ ಅಂತ ಅವರ ತೋಟದವನು ಹೇಳಿದ. "ಮತ್ತೆ ಹಿಡೀರಿ, ಯಾಕೆ ಕಾಯ್ತಿದೀರಿ?" ಅಂತ ಹೇಳಿಕಳಿಸಿದರು. ಆ ವರ್ಷ ಹಗ್ಗ ಕಟ್ಟಲು ಅಪ್ಪನಿಗೆ ಅಧಿಕಾರವಿರಲಿಲ್ಲ, ಆದರೂ ನಮ್ಮವರು ಹೋಗಲಿಲ್ಲ. ಹೋಗಲಿಲ್ಲವೆಂದು ಹೊರಗಿನಿಂದ ಬಲೆಯವರನ್ನು ಕರೆಸಿದರು. ಅವರು ಹಳ್ಳದ ಬಾಯಿಗೆ ಅಡ್ಡಬಲೆ ಕಟ್ಟಿ ಬುಟ್ಟಿಗಟ್ಟಲೆ ತುಂಬಿದರು.

ಹಿರಿಯರೆಲ್ಲ ಸೇರಿ ಸಾಹುಕಾರರ ಹತ್ತಿರ ಹೋಗಿ, ಹೀಗೆ ಮಾಡಬಾರದು, ಇದು ಮೊಟ್ಟೆಯ ಕಾಲ, ಎಂದು ಹೇಳಿ ಬರುವುದೆಂದು ತೀರ್ಮಾನವಾಯಿತು. ಅಪ್ಪನೇ ಮುಂದಾಳು. ಒಗೆದ ಪಂಚೆ ಉಟ್ಟು ಬೆಳಿಗ್ಗೆಯೇ ಗುಬ್ಬಿಗೆ ಹೊರಟರು. ಸಂಜೆಗೆ ವಾಪಸ್ಸು ಬಂದರು.

"ಏನಂದ್ರಪ್ಪ?" ಅಂದೆ.

"ಮಜ್ಗೆ ಕೊಟ್ರು" ಅಂದ ಅಪ್ಪ.

"ಮಜ್ಗೆ ಹಾಳಾಗ್ಲಿ. ಮೀನಿನ ವಿಷ್ಯ?"

"ಏನ್ ಬಂದ್ರಿ ಅಂತ ಕೇಳಿದ್ರು. ಏನಿಲ್ಲ, ಹಿಂಗೇ ಈ ಕಡೆ ಬಂದಿದ್ವಿ ಅಂದ್ವಿ. ಕಾಯಿ ರೇಟಿನ್ ವಿಷ್ಯ ಮಾತಾಡಿದ್ರು. ಅವ್ರೇ ಕೇಳ್ತಾರೇನೋ ಅಂತ ಕಾಯ್ಕಂಡ್ ಕೂತಿದ್ವಿ. ಕೇಳ್ಲೇ ಇಲ್ಲ ಕಣವ್ವ."

ಅವ್ವ ಒಲೆಯ ಮುಂದೆ ಕೂತಿದ್ದವಳು ಎದ್ದು ಬಂದು, ಅಪ್ಪನ ಮುಖ ನೋಡಿ, ಮತ್ತೆ ಒಳಗೆ ಹೋಗಿ ಒಲೆಗೆ ಸೌದೆ ತುರುಕಿದಳು.

ವಾರ ಕಳೆಯುವುದರೊಳಗೆ ನಮ್ಮವರೂ ಹಳ್ಳಕ್ಕಿಳಿದರು. ಹೊರಗಿನವರು ಬಾಚುತ್ತಿರುವಾಗ ನಾವು ದಡದಲ್ಲಿ ಕೂತು ಕಾಯಿ ಸುಲಿಯಬೇಕೇ ಅನ್ನುವುದು ಅವರ ಮಾತು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅಪ್ಪ ಒಬ್ಬ ಮಾತ್ರ ಇಳಿಯಲಿಲ್ಲ. ಗುಡ್ಡೆ ಹಾಕುವುದೂ ನಿಂತಿತು, ಹಿಡಿದವನು ಹಿಡಿದದ್ದನ್ನು ಲಾರಿಗೆ ಹೇರಿದ. ಆ ವರ್ಷ ದೀಪಾವಳಿ ಕಳೆದು ಬಲೆ ಎಳೆದರೆ ಹಾವುಮೀನು, ಏಡಿ, ಪಾಚಿ. ಮುಂದಿನ ವರ್ಷವೂ ಹಾಗೇ ಆಯಿತು. ಗಂಡ ಸತ್ತವರ ಮನೆಯಲ್ಲಿ ಮೀನಿನ ವಾಸನೆಯೇ ಹೋಯಿತು. ಲಾರಿಗೂ ಬುಟ್ಟಿ ತುಂಬದಾದಾಗ ಸಾಹುಕಾರರಿಗೇ ಬೇಸರ ಬಂದು, ಮುಂದಿನ ಸಲ ನನಗೆ ಬೇಡ, ನೀವೇ ಯಾರಾದರೂ ಆಗಿ ಅಂದರು. ಅವರು ಬೇಡ ಅಂದದ್ದು ನಿಜವಾದ ಬೇಡ.

ಈಗ ಬೀದಿಯೆಲ್ಲ ನಮ್ಮ ಮನೆಗೆ ಬಂತು. ಚಿಕ್ಕಪ್ಪನೇ ಎಲ್ಲರಿಗಿಂತ ಮುಂದೆ. "ಅಣ್ಣ, ಈ ಸಲ ನಂಗ್ಯಾಕೆ ಗಿಂಗ್ಯಾಕೆ ಅನ್ಬ್ಯಾಡ. ಸಾಹೇಬ್ರು ಕೇಳಿದ್ ತಕ್ಷಣ ಆಗ್ತೀನಿ ಅಂದ್ಬುಡು. ನಮ್ ಕೆರೆ ನಮ್ಗೆ ಬರ್ಲಿ. ನೀನ್ ಹಗ್ಗ ಕಟ್ಟು, ಯಾವನ್ ದಾಟ್ತಾನೋ ನೋಡೇಬುಡನ" ಅಂದ. ಎಲ್ಲರೂ ಹೌದೌದು ಅಂದರು. ಅಪ್ಪನಿಗೂ ಕೆರೆ ಹಾಳಾದ ಸಂಕಟ ಒಳಗೇ ಕೊರೆಯುತ್ತಿತ್ತು. ಒಪ್ಪಿಕೊಂಡ. ಅಂದರೆ ಸುಮ್ಮನೆ ಕೂತ.

ಬಾಯಿಗೆ ರೂಢಿ ಮಾಡಿಸುವ ಕೆಲಸ ಅವ್ವನಿಗೂ ನನಗೂ ಬಿತ್ತು. ಉಣ್ಣುವಾಗ, ಬಲೆ ಹೊಲಿಯುವಾಗ, ಎಲೆಯಡಿಕೆ ಹಾಕುವಾಗ, ಅವ್ವ ಇದ್ದಕ್ಕಿದ್ದಂತೆ ಗಂಡು ದನಿ ಮಾಡಿ "ಅಧ್ಯಕ್ಷರಾಗ್ತೀರೇನ್ರಿ?" ಅನ್ನುವಳು.

"ನಂಗ್ಯಾಕೆ" ಅನ್ನುವನು ಅಪ್ಪ, ಬೆಚ್ಚಿಬಿದ್ದು.

"ಅಯ್ಯೋ ನಿನ್ ಬಾಯಿಗೆ ಮಣ್ಣಾಕ! ಆಗ್ತೀನಿ ಅನ್ನು!"

"ಆಗ್ತೀನಿ ಅಂತ ಎಂಗೆ ಅನ್ನಾದೆ? ನಾಚ್ಕೆ ಆಯ್ತದೆ ಕಣೇ."

"ಕೆರೆ ಹಾಳಾಗೋದು ನಾಚ್ಕೆ ಅಲ್ವ?" ಅಂದೆ ನಾನು.

ಕೊನೆಕೊನೆಗೆ ನೆಲ ನೋಡಿಕೊಂಡು, ಹುಡುಗಿ ನೋಡಲು ಬಂದವರ ಮುಂದೆ ಕೂತವಳ ದನಿಯಲ್ಲಿ "ಆಗ್ತೀನಿ" ಅನ್ನುವಷ್ಟಾದ. ನನಗೂ ಅವ್ವನಿಗೂ ಸಾಕುಸಾಕಾಗಿತ್ತು.

ಸಭೆ ಮತ್ತೆ ಅದೇ ಸ್ಕೂಲಿನಲ್ಲಿ. ನಾವು ಮತ್ತೆ ಅದೇ ಕಿಟಕಿಯಲ್ಲಿ. ಇನ್‌ಸ್ಪೆಕ್ಟರು ಹೊಸಬರು, ಕನ್ನಡಕದವರು. "ಅಧ್ಯಕ್ಷರು ಯಾರಾಗ್ತೀರಿ?" ಅಂದರು.

ಅಪ್ಪ ಎದ್ದು ನಿಂತ. ಯಾರೂ ಅವನ ಹೆಸರು ಹೇಳುವ ಮುಂಚೆಯೇ ಎದ್ದು ನಿಂತ. ನಾವು ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೆವು. "ನಾನಾಗ್ತೀನಿ ಬುದ್ಧಿ" ಅಂದ, ಇಡೀ ಸ್ಕೂಲಿಗೆ ಕೇಳುವ ಹಾಗೆ.

ಅವ್ವ ನನ್ನ ಕೈ ಹಿಸುಕಿದಳು. ಕಿಟಕಿಯಿಂದ ನನಗೆ ಒಳಗಿನವರ ಮುಖ ಕಾಣುತ್ತಿತ್ತು. ಯಾರೂ ಅಪ್ಪನನ್ನು ನೋಡುತ್ತಿರಲಿಲ್ಲ. ಚಿಕ್ಕಪ್ಪ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಿದ್ದ. ಯಾರೋ ಒಬ್ಬ ಕೆಮ್ಮಿದ. ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು, ಒಬ್ಬನೂ ತಪ್ಪಲಿಲ್ಲ. ಅಪ್ಪ ಅಧ್ಯಕ್ಷನಾದ. ಹೊರಗೆ ಬಂದಾಗ ಅವನ ಜೊತೆ ನಡೆದು ಬಂದವರು ಅವ್ವ, ನಾನು, ಇಬ್ಬರೇ. ಉಳಿದವರು ಹಿಂದೆ ಉಳಿದುಕೊಂಡರು, ಬೀಡಿ ಹಚ್ಚಬೇಕು ಅಂದರು.

ಮಾರನೆಯ ದಿನ ಬಾವಿಯ ಹತ್ತಿರ ಎದುರುಮನೆಯ ಮುದುಕಿ ಅವ್ವನಿಗೆ ನಗುನಗುತ್ತಲೇ ಹೇಳಿದಳು: "ನಿನ್ ಗಂಡ ಎಲೆ ಹಾಕಾಕ್ ಮುಂಚೇನೇ ಕೈ ತೊಳ್ಕಂಡ್ ಕೂತಿದ್ನಂತಲ್ಲ." ಇನ್ನೊಬ್ಬಳು, "ಒಳಗೊಳಗೇ ಆಸೆ ಇತ್ತೇನೋ ಪಾಪ. ಇಷ್ಟ್ ದಿನ ನಮ್ಗೆ ಗೊತ್ತಾಗ್ಲಿಲ್ಲ" ಅಂದಳು. ಅವ್ವ ಕೊಡ ಅಲ್ಲೇ ಕುಕ್ಕಿ, ಅವರ ವಂಶಗಳನ್ನೆಲ್ಲ ಎತ್ತಿ ಆಡಿ ಬಂದಳು. ಅದರಿಂದ ಆದದ್ದೇನು? "ಕುಣಿಗಲ್‌ನೋಳು ಕಲಿಸ್ಕೊಟ್ಟಿರೋದು" ಅಂತಾಯಿತು ಅಷ್ಟೇ.

ಇವರೇ ಅಲ್ಲವೇ ನಮ್ಮ ಜಗುಲಿಯ ಮೇಲೆ ಕೂತು ಗೋಗರೆದವರು? ಇವರೇ. ತಾವೇ ಹೇಳಿಕೊಟ್ಟ ಮಾತನ್ನು ಅಪ್ಪ ಆಡಿದ ಕೂಡಲೇ, ಆಡಿದ ಅಂತ ಅವನನ್ನು ಕೈಬಿಟ್ಟರು. ಈ ಜನಕ್ಕೆ ಏನು ಹೇಳುವುದು? ನಾನು ತುಮಕೂರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ದಡ್ಡರಲ್ಲಿ ದಡ್ಡರನ್ನು ನೋಡಿದ್ದೇನೆ. ಇಂಥ ಬುದ್ಧಿವಂತ ದಡ್ಡರನ್ನು ಬೇರೆಲ್ಲೂ ನೋಡಲಿಲ್ಲ.

ಆ ವರ್ಷ ಮುಂಗಾರು ಬೇಗ ಬಂತು. ನಾನು ಬೇಸಗೆ ರಜ ಮುಗಿಸಿ ಇನ್ನೂ ಹೊರಟಿರಲಿಲ್ಲ. ಬೆಳಿಗ್ಗೆ ಎದ್ದಾಗ ಅಪ್ಪ ಹೊಸ ಹಗ್ಗಕ್ಕೆ ಬೇವಿನ ಸೊಪ್ಪು ಸಿಕ್ಕಿಸುತ್ತಾ ಕೂತಿದ್ದ. ಮುಖ ತೊಳೆದಂತೆ ಹಸನಾಗಿತ್ತು. ಮುಂಚೆಯೆಲ್ಲ ಹಗ್ಗ ಕಟ್ಟುವುದೆಂದರೆ ಬೀದಿಗೆ ಬೀದಿಯೇ ದಡದಲ್ಲಿ ನಿಲ್ಲುತ್ತಿತ್ತು. ಅಪ್ಪ ಈ ದಡದಲ್ಲಿ ಕಟ್ಟಿದರೆ, ಇನ್ನೊಂದು ತುದಿ ಹಿಡಿದು ಹಳ್ಳ ದಾಟಲು ನಾನು ತಾನು ಎಂದು ಹುಡುಗರು ಕಿತ್ತಾಡುತ್ತಿದ್ದರು. ಆ ದಿನ ಅಪ್ಪ ಈ ದಡದ ಹೊಂಗೆಗೆ ಕಟ್ಟಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ಕಾಯುತ್ತಾ ನಿಂತ. ಬೀದಿಯ ಕಡೆಯಿಂದ ಯಾರೂ ಬರಲಿಲ್ಲ. ಸುಮಾರು ಹೊತ್ತು ಕಾದ ಮೇಲೆ ನಾನೇ ಸೀರೆ ಎತ್ತಿಕಟ್ಟಿ, ಅವನ ಕೈಯಿಂದ ತುದಿ ಕಿತ್ತುಕೊಂಡು, ತೊಡೆಮಟ್ಟದ ಕೆಂಪು ನೀರಿನಲ್ಲಿ ಆಚೆಗೆ ದಾಟಿದೆ. ಕಾಲಿಗೆ ಮೀನು ತಾಕುತ್ತಿದ್ದವು. ಎರಡು ವರ್ಷ ಬಾಚಿದ್ದರೂ ಉಳಿದುಕೊಂಡಿದ್ದ ಮೀನು. ನನಗೆ ಅಳುವೇ ಬಂತು, ಸಂತೋಷಕ್ಕೆ. ಆಚೆ ದಡದಲ್ಲಿ ಬಿಗಿಯಾಗಿ ಕಟ್ಟಿದೆ.

ಮಾರನೆಯ ಬೆಳಿಗ್ಗೆ ಅಪ್ಪನ ಹಿಂದೆಯೇ ಹಳ್ಳಕ್ಕೆ ಹೋದೆ. ಹಗ್ಗ ಕಟ್ಟಿದ್ದಲ್ಲೇ ಇತ್ತು. ಅದರ ಕೆಳಗೇ ಅಡ್ಡಬಲೆ. ಬಲೆಯ ಪಕ್ಕದಲ್ಲಿ ಸೊಂಟದ ತನಕ ನೀರಿನಲ್ಲಿ ಚಿಕ್ಕಪ್ಪ. ದಡದಲ್ಲಿ ಅವನ ಬುಟ್ಟಿ ಆಗಲೇ ಅರ್ಧ ತುಂಬಿತ್ತು. ಅವನ ಹಿಂದೆ ಇನ್ನೂ ಕೆಲವರು ಬಲೆ ಬಿಡಿಸುತ್ತಿದ್ದರು.

"ಏನ್ಲಾ ಇದು?" ಅಂದ ಅಪ್ಪ.

ಚಿಕ್ಕಪ್ಪ ನಾಚಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ನಾಚಲಿಲ್ಲ. ತಣ್ಣಗೆ ಹೇಳಿದ: "ಇದು ಯಜಮಾನ್ನ ಹಗ್ಗ ಅಲ್ವಲ್ಲಣ್ಣ. ಆಗಿದ್ರೆ ಕೈ ಇಕ್ತಿದ್ನ? ಯಜಮಾನ್ಕೆ ನಾವು ನಿಂಗೆ ಕೊಟ್ಟಿದ್ದು. ಅಧ್ಯಕ್ಷ ನೀನೇ ಕೇಳಿ ಈಸ್ಕಂಡಿದ್ದು."

ನಾನು ಸುಮ್ಮನಿರುವವಳೇ? "ನೀನೇ ತಾನೇ ಚಿಕ್ಕಪ್ಪ, ಕೇಳಿದ್ ತಕ್ಷಣ ಆಗ್ತೀನಿ ಅಂದ್ಬುಡು ಅಂದೋನು?" ಎಂದು ಕೂಗಿದೆ.

"ಅಂದೆ ಕಣವ್ವ. ನಾವು ಅಂದ್ರೆ ಅವ್ನು ಅನ್ಬುಡಾದಾ?"

ಅಪ್ಪನ ಕಡೆ ತಿರುಗಿ, "ಗುಬ್ಬಿಗೆ ನಡಿ, ಇನ್‌ಸ್ಪೆಕ್ಟರಿಗೆ ಬರ್ದುಕೊಡಣ. ನೀನು ಅಧ್ಯಕ್ಷ. ಪೊಲೀಸ್ರು ಬಂದು ಬಲೆ ಎತ್ಕಂಡ್ ಹೋಗ್ಲಿ. ಕಾನೂನು ನಿನ್ ಕಡೆ ಐತೆ" ಅಂದೆ. ನಿಜವಾಗಿಯೂ ಇತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಾನೂನು ನಮ್ಮ ಕಡೆ ಇತ್ತು.

"ಪೊಲೀಸ್ರು ಕಾಯೋ ಹಗ್ಗ ನಾನ್ ಕಟ್ಟಲ್ಲ ಬುಡವ್ವ" ಅಂದ ಅಪ್ಪ.

ಮರದ ಹತ್ತಿರ ಹೋಗಿ ಗಂಟು ಬಿಚ್ಚಿದ. ನೀರಿಗಿಳಿದು, ಚಿಕ್ಕಪ್ಪನ ಬಲೆಯನ್ನು ಬಳಸಿಕೊಂಡು, ಆಚೆ ದಡದಲ್ಲಿ ನಾನು ಕಟ್ಟಿದ್ದ ಗಂಟನ್ನೂ ಬಿಚ್ಚಿದ. ಒದ್ದೆಯಾಗಿ ಬಿಗಿದುಕೊಂಡಿತ್ತು, ಹಲ್ಲು ಹಾಕಿ ಬಿಚ್ಚಿದ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಅದನ್ನು ಅಟ್ಟಕ್ಕೆಸೆದು, ಗೋಡೆಯ ಗೂಟದಲ್ಲಿದ್ದ ಬೀಸುಬಲೆ ತೆಗೆದುಕೊಂಡು ಮತ್ತೆ ಹೊರಟ. "ಎಲ್ಲಿಗೆ?" ಅಂದಳು ಅವ್ವ. "ಎಲ್ರೂ ಹಿಡೀತಾವ್ರೆ. ನಮ್ಮನೇಲಿ ಯಾಕೆ ಉಪ್ಸಾರು?" ಅಂದ. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳನ್ನು ಸರಿಸಲೂ ಇಲ್ಲ, ಜಗಳವಾಡಲೂ ಇಲ್ಲ. ಅವಳು ತಾನಾಗಿ ಸರಿಯುವ ತನಕ ನಿಂತಿದ್ದು ಹೋದ.

ಮಧ್ಯಾಹ್ನ ತಂದದ್ದು ಗೆಂಡೆ. ಅವ್ವ ಬೂದಿ ಹಾಕಿ ಉಜ್ಜಿ, ಹೊಟ್ಟೆ ಸೀಳಿದಳು. ಒಳಗೆಲ್ಲ ಮೊಟ್ಟೆ, ಹಳದಿ, ಅಂಗೈ ತುಂಬುವಷ್ಟು. ಕಾರ ಅರೆದು, ಹುಣಿಸೆ ಕಿವುಚಿ ಸಾರು ಮಾಡಿದಳು. ಇಡೀ ಬೀದಿ ಅದೇ ವಾಸನೆ. ಮೂವರೂ ಕೂತು ಉಂಡೆವು. ಸಾರು ರುಚಿಯಾಗಿತ್ತು. ಕೆಟ್ಟದಾಗಿದ್ದರೆ ನನಗೆ ಈಗ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅಪ್ಪ ಮೊಟ್ಟೆಯ ಗೊಂಚಲೊಂದನ್ನು ಮುದ್ದೆಯ ಮೇಲಿಟ್ಟುಕೊಂಡು ನೋಡಿದ. "ಪೂರ್ತಿ ಬಲ್ತವೆ. ಇನ್ನೊಂದಿನ ಬುಟ್ಟಿದ್ರೆ ಹಳ್ಳ ಹತ್ತಿ ಮೊಟ್ಟೆ ಬುಡವು" ಅಂದ, ದೂರದ ಊರಿನ ಯಾವುದೋ ಕೆರೆಯ ವಿಷಯ ಹೇಳುವ ಹಾಗೆ. ಆಮೇಲೆ ಅದನ್ನು ಸಾರಿಗೆ ಅದ್ದಿ ನುಂಗಿದ.